ಬಣ್ಣ ಹಚ್ಚದ ರಾಜಾಸಾರಸ್

ಮೊನ್ನೆ ಅಕ್ಕನ ಮಗನನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಫೈಬರಿನ ಟಿ-ರೆಕ್ಸ್ ಡೈನೋಸಾರ್. ಗಿಳಿಹಸಿರು ಬಣ್ಣ, ಹೊಟ್ಟೆಯೊಳಗೆ ಸ್ಪೀಕರ್, ಬಾಲ ಬೇರೆ ನೆಲಕ್ಕೆ ಊರಿದೆ. "ಮಾವಾ, ಇದು ಹಸಿರು ಅಂತ ಯಾರು ನೋಡಿದ್ದು?" ಅಂದ. ನಾನು ಐಸ್‌ಕ್ರೀಂ ಕೊಡಿಸಿ ತಪ್ಪಿಸಿಕೊಂಡೆ.

ಹುಡುಗ ಕೇಳಿದ್ದು ಸರಿ ಅಲ್ವಾ? ಅದಕ್ಕೇ ಹೇಳುವುದು, ಮ್ಯೂಸಿಯಂಗೆ ಇಂಥ ಪ್ರಾಣಿ ಮಾಡುವುದಾದರೆ ಕಂಚಿನಲ್ಲೇ ಮಾಡಿ. ಕಂಚು ಬಣ್ಣದ ಬಗ್ಗೆ ಸುಳ್ಳು ಹೇಳುವುದಿಲ್ಲ. ಎಲುಬು ಹೇಳಿದಷ್ಟು ಆಕಾರ ಕೊಟ್ಟು ಸುಮ್ಮನಿರುತ್ತದೆ.

ಮತ್ತೆ ಟಿ-ರೆಕ್ಸ್ ಯಾಕೆ? ಅದು ಉತ್ತರ ಅಮೆರಿಕದ್ದು. ನಮ್ಮ ದೇಶದ್ದೇ ಬೇಟೆಗಾರ ಇದೆ, ರಾಜಾಸಾರಸ್. ಗುಜರಾತಿನ ರಹಿಯೋಲಿಯಲ್ಲಿ 1980ರ ದಶಕದಲ್ಲಿ ಎಲುಬು ಸಿಕ್ಕಿತು. 2003ರಲ್ಲಿ ನರ್ಮದೆಯ ಹೆಸರು ಸೇರಿಸಿ ನಾಮಕರಣವೂ ಆಯಿತು. ಹಣೆಯ ಮೇಲೆ ಒಂದು ಮೊಂಡು ಕೊಂಬು. ತಲೆಬುರುಡೆಯ ಒಂದು ಭಾಗ, ಸೊಂಟ, ಹಿಂಗಾಲು, ಬಾಲದ ಎಲುಬುಗಳು ಸಿಕ್ಕಿವೆ. ಚರ್ಮ ಸಿಕ್ಕಿಲ್ಲ.

ಎರಕ ಹೊಯ್ಯಲು ದೂರ ಹೋಗಬೇಕಾಗಿಲ್ಲ. ಕೇರಳದ ಪಯ್ಯನೂರಿನ ಹತ್ತಿರ ಕುಞಿಮಂಗಲದಲ್ಲಿ ಮೂಸಾರಿಗಳಿದ್ದಾರೆ, ಕಂಚು ಎರಕ ಹೊಯ್ಯುವವರು. ಕುಂಬಳೆಯಿಂದ ರೈಲು ಹತ್ತಿ ಒಮ್ಮೆ ಹೋಗಿದ್ದೆ. ಮಣ್ಣಿನ ಅಚ್ಚಿನ ಮೇಲೆ ಜೇನುಮೇಣ ಮೆತ್ತಿ ದೀಪದ ರೂಪ ತಿದ್ದುತ್ತಿದ್ದರು. ಅದರ ಮೇಲೆ ಮತ್ತೆ ಮಣ್ಣು, ಒಣಗಿದ ಮೇಲೆ ಇನ್ನೊಂದು ಪದರ. ಬೆಂಕಿಗಿಟ್ಟರೆ ಮೇಣ ಕರಗಿ ಹೊರಗೆ ಹರಿಯುತ್ತದೆ, ಆ ಖಾಲಿ ಜಾಗಕ್ಕೆ ಮೂಸೆಯಿಂದ ಕಂಚು. ಅಚ್ಚು ಒಡೆದಾಗ ದೀಪದ ಕಾಲಿನಲ್ಲಿ ಒಂದು ಹೆಬ್ಬೆರಳ ಗುರುತಿತ್ತು. ಮೇಣದಲ್ಲಿ ಒತ್ತಿದ್ದು ಕಂಚಿನಲ್ಲೂ ಉಳಿದಿತ್ತು. ಅರ ಹಾಕಿ ಉಜ್ಜುವ ಮೊದಲು ಅದನ್ನೇ ನೋಡುತ್ತಾ ನಿಂತಿದ್ದೆ. ಡೈನೋಸಾರಿನ ಸುಕ್ಕು ಚರ್ಮಕ್ಕೆ ಇದಕ್ಕಿಂತ ಒಳ್ಳೆಯ ಕೈ ಎಲ್ಲಿ ಸಿಗಬೇಕು? (ಚರ್ಮ ಸಿಕ್ಕಿಲ್ಲ ಅಂತ ಈಗಷ್ಟೇ ಹೇಳಿದೆ, ಗೊತ್ತು. ಸುಕ್ಕೂ ಊಹೆಯೇ. ಆದರೆ ಗಿಳಿಹಸಿರಿನಷ್ಟು ದೊಡ್ಡ ಊಹೆ ಅಲ್ಲ.)

ದೀಪ ಹೊಯ್ದಷ್ಟು ಸುಲಭ ಅಲ್ಲ, ಒಪ್ಪುತ್ತೇನೆ. ಗಂಟೆಯ ಕಂಚಿನಲ್ಲಿ ತವರ ಜಾಸ್ತಿ, ನೂರಕ್ಕೆ 20ರ ಹತ್ತಿರ. ನಾದ ಚೆನ್ನ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಮೂರ್ತಿಗೆ ತವರ ಕಡಿಮೆ ಬೇಕು. ಆರು ಮೀಟರಿನ ಪ್ರಾಣಿಯನ್ನು ತುಂಡು ತುಂಡಾಗಿ ಹೊಯ್ದು ಬೆಸೆಯಬೇಕು. ನಿಲ್ಲುವುದು ಎರಡೇ ಕಾಲಲ್ಲಿ, ಬಾಲ ನೆಲಕ್ಕೆ ತಾಗಕೂಡದು, ಇವು ಬಾಲ ಎತ್ತಿಯೇ ನಡೆಯುತ್ತಿದ್ದವು.

ಫೋನಿನಲ್ಲಿ ಚಿತ್ರ ತೋರಿಸಿ, ನನ್ನ ಹರಕು ಮಲಯಾಳದಲ್ಲಿ ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆ. ಕೊಂಬು, ಹಲ್ಲು ಯಾವುದನ್ನೂ ಅವರು ನೋಡಲಿಲ್ಲ. ಪಾದದ ಗಂಟಿನ ಮೇಲೆ ಬೆರಳಿಟ್ಟು, "ಭಾರವೆಲ್ಲ ಇಲ್ಲಿಗೆ ಬರ್ತದೆ, ಒಳಗೆ ಕಬ್ಬಿಣ ಬೇಕು" ಅಂದರು. ಆಮೇಲೆ ಬಾಲ ಎಷ್ಟು ಉದ್ದ ಅಂತ ಕೇಳಿದರು.