ಗೋಡಂಬಿ ತಿಂದಿಲ್ಲ ಅನ್ನೋದಕ್ಕೆ ಪ್ರೂಫ್ ಇದೆಯಾ ಸರ್?

ನಾನು ಗೋಡಂಬಿ ತಿಂದಿಲ್ಲ.

ಈ ಒಂದು ಮಾತನ್ನು ಕಳೆದ ನಾಲ್ಕು ತಿಂಗಳಲ್ಲಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ನನ್ನ ಹರಕುಮುರುಕು ಹಿಂದಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗೀಗ ನನಗೇ ಅನುಮಾನ ಶುರುವಾಗಿದೆ. ತಿಂದೇಬಿಟ್ಟೆನೇನೋ?

ನಡೆದದ್ದು ಇಷ್ಟು. ಭಾವಮೈದುನನ ಮಗಳ ಮದುವೆಗೆ ಮಂಗಳೂರಿಗೆ ಹೋಗಿದ್ದೆವು. ಛತ್ರದ ರೂಮಿನಲ್ಲಿ ಸಾಲಾಗಿ ಮಲಗಿದ ಷಡ್ಡಕರ ಗೊರಕೆ ಕೇಳುವ ಬದಲು ಒಂದು ರಾತ್ರಿಯಾದರೂ ಮನುಷ್ಯರ ಹಾಗೆ ಮಲಗೋಣ ಅಂತ ಕಡಲತಡಿಯ ದೊಡ್ಡ ಹೋಟೆಲೊಂದರಲ್ಲಿ ರೂಮು ಹಿಡಿದೆ. ಇದು ನನ್ನ ಮೊದಲ ತಪ್ಪು. ಎರಡನೆಯದು, ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟದ್ದು. ಹುಡುಗ ಕಾರ್ಡನ್ನು ಮೆಷಿನ್ನಿಗೆ ಸಿಕ್ಕಿಸಿ ಪಿನ್ ಒತ್ತಿ ಅಂದ. ನೋಡಿದರೆ ಹತ್ತು ಸಾವಿರ ತೋರಿಸುತ್ತಿದೆ. "ಇದೇನಪ್ಪಾ, ರೂಮಿನ ದುಡ್ಡು ಆಗಲೇ ಕಟ್ಟಾಯ್ತಲ್ಲ?" ಅಂದೆ.

"ಎಂತ ಇಲ್ಲ ಸರ್, ಬರೀ ಹೋಲ್ಡ್. ಕಟ್ ಆಗುದಿಲ್ಲ."

ಹೋಲ್ಡ್ ಅಂದರೆ ಬ್ಯಾಂಕಿನವರು ಕಟ್ಟಿದ ತ್ರಿಶಂಕು ಸ್ವರ್ಗ. ಅಲ್ಲಿರುವ ದುಡ್ಡು ನಿಮ್ಮದೇ, ಆದರೆ ನೀವು ಮುಟ್ಟುವಂತಿಲ್ಲ. ಹೋಟೆಲಿನದಲ್ಲ, ಆದರೆ ಅವರು ಕೈಹಾಕಬಹುದು. ಸೊಪ್ಪಿನವಳಿಗೆ 20 ರೂಪಾಯಿ ಕಳಿಸಲು ಪಿನ್ ಬೇಕು, ಆನ್‌ಲೈನಿನಲ್ಲಿ ಚಪ್ಪಲಿ ತರಿಸಲು ಒಟಿಪಿ ಬೇಕು. ಆದರೆ ನೀವು ಊರಿಗೆ ವಾಪಸಾಗಿ, ಮದುವೆ ಬಟ್ಟೆಯೆಲ್ಲ ಒಗೆದು ಒಣಹಾಕುತ್ತಿರುವಾಗ ಹೋಟೆಲಿನವರು ಆ ಹೋಲ್ಡ್‌ನೊಳಗಿಂದ ಒಂದಷ್ಟು ಎಳೆದುಕೊಳ್ಳಲು ಪಿನ್ನೂ ಬೇಡ, ಒಟಿಪಿಯೂ ಬೇಡ. ಅವತ್ತು ಕೌಂಟರಿನಲ್ಲಿ ಒತ್ತಿದ್ದಿರಲ್ಲ, ಅಷ್ಟು ಸಾಕು.

ಸ್ಟೇಟ್‌ಮೆಂಟ್ ಬಂದಾಗ ಅದರಲ್ಲಿ 2,360 ರೂಪಾಯಿ ಕೂತಿತ್ತು. ಹೋಟೆಲಿಗೆ ಫೋನ್ ಮಾಡಿದೆ. "ಮಿನಿಬಾರ್ ಸರ್" ಅಂದರು. ಅಂದರೆ ರೂಮಿನ ಫ್ರಿಜ್ಜಿನಲ್ಲಿ ಇಟ್ಟಿರುವ ತಿಂಡಿ, ಮುಟ್ಟಿದರೆ ದುಡ್ಡು. ಹುರಿದ ಗೋಡಂಬಿ ಎರಡು ಪ್ಯಾಕೆಟ್, ಚಾಕೊಲೇಟ್ ಒಂದು, ಸೋಡಾ ಎರಡು, ಜಿಎಸ್‌ಟಿ ಸೇರಿ.

ಚಾಕೊಲೇಟು, ಸೋಡಾ ಹಾಳಾಗಿ ಹೋಗಲಿ. ಮಂಗಳೂರಿಗೆ ಹೋದವನು ಹೋಟೆಲಿನ ಫ್ರಿಜ್ಜಿನಿಂದ ಗೋಡಂಬಿ ತೆಗೆದು ತಿನ್ನುತ್ತಾನೆಯೇ? ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಇರುವುದೇ ಆ ಊರಲ್ಲಿ. ಅಲ್ಲಿಂದ ಸ್ವಲ್ಪ ದೂರದ ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ನಿರ್ದೇಶನಾಲಯವಿದೆ. ಘಟ್ಟದ ಮೇಲಿನವರು ಅಲ್ಲಿಗೆ ಹೋದರೆ ಹಿಂದಿರುಗುವ ಮೊದಲು ಗೇರುಬೀಜ ಕಟ್ಟಿಸಿಕೊಳ್ಳುವುದು ಒಂದು ಶಾಸ್ತ್ರ. ನಾನೂ ಎರಡು ಕಿಲೋ ಕಟ್ಟಿಸಿದ್ದೆ. ಡಬ್ಲ್ಯು 240, ಅಂದರೆ ಪೌಂಡಿಗೆ ಹೆಚ್ಚೆಂದರೆ 240 ಬೀಜ ತೂಗುವ ದಪ್ಪ ಮಾಲು. ಅದು ಅದೇ ರೂಮಿನಲ್ಲಿ, ಅದೇ ಫ್ರಿಜ್ಜಿನ ನೆತ್ತಿಯ ಮೇಲೆ, ಬಟ್ಟೆಚೀಲದಲ್ಲಿ ಇಡೀ ರಾತ್ರಿ ಕೂತಿತ್ತು. ಕಾವೇರಿ ಮನೆ ಮುಂದೆ ಹರಿಯುತ್ತಿರುವಾಗ ಬಾಟಲಿ ನೀರು ಕುಡಿಯುವಷ್ಟು ಶೋಕಿ ನನಗಿಲ್ಲ.

ಇದನ್ನೆಲ್ಲ ವಿವರಿಸೋಣ ಅಂತ ಬ್ಯಾಂಕಿಗೆ ಫೋನ್ ಹಚ್ಚಿದೆ. ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ ಅಂದರು, ಒತ್ತಿದೆ. ಹದಿನೆಂಟು ನಿಮಿಷ ಕೊಳಲು ಕೇಳಿಸಿ, "ಸರ್, ಹಿಂದಿ ಯಾ ಇಂಗ್ಲಿಷ್?" ಅಂದರು. ಬಹುಶಃ ಆ ಕೊಳಲೇ ಕನ್ನಡದ್ದಿರಬೇಕು.

ಆಮೇಲೆ ಶುರುವಾಯಿತು. ಇದು ಫ್ರಾಡೋ, ಡಿಸ್‌ಪ್ಯೂಟೋ? ಫ್ರಾಡ್ ಅಂದರೆ ಕಾರ್ಡ್ ಬ್ಲಾಕ್ ಆಗುತ್ತೆ. ಆದರೆ ಕಾರ್ಡು ನೀವೇ ಕೈಯಾರೆ ಕೊಟ್ಟಿದ್ದೀರಿ, ಪಿನ್ನೂ ನೀವೇ ಒತ್ತಿದ್ದೀರಿ, ಹಾಗಾಗಿ ಫ್ರಾಡ್ ಅಲ್ಲ. ಡಿಸ್‌ಪ್ಯೂಟ್ ಆದರೆ ಒಂದು ಫಾರ್ಮ್ ತುಂಬಿ. ಫಾರ್ಮಿನಲ್ಲಿ ಕಾರಣಗಳ ಪಟ್ಟಿ: ಒಂದೇ ವ್ಯವಹಾರಕ್ಕೆ ಎರಡು ಸಲ ಕಡಿತವಾಗಿದೆ, ಮೊತ್ತ ಹೆಚ್ಚುಕಡಿಮೆಯಾಗಿದೆ, ರದ್ದು ಮಾಡಿದರೂ ಹಣ ವಾಪಸ್ ಬಂದಿಲ್ಲ, ಸರಕು ತಲುಪಿಲ್ಲ. ‘ನಾನು ತಿಂದೇ ಇಲ್ಲ’ ಅನ್ನುವ ಕಾರಣ ಮಾತ್ರ ಅಲ್ಲಿಲ್ಲ. ಯೋಚಿಸಿ ಯೋಚಿಸಿ ‘ಸರಕು ತಲುಪಿಲ್ಲ’ ಅನ್ನುವುದಕ್ಕೆ ಟಿಕ್ ಹಾಕಿದೆ. ಗೋಡಂಬಿ ನನ್ನ ಹೊಟ್ಟೆಗಂತೂ ತಲುಪಿಲ್ಲ, ಆ ಲೆಕ್ಕದಲ್ಲಿ ಸುಳ್ಳೇನಲ್ಲ.

ಮೂರು ದಿನಕ್ಕೆ ಇಮೇಲ್ ಬಂತು. ಸರಕು ತಲುಪಬೇಕಿದ್ದ ದಿನಾಂಕ ಯಾವುದು? ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ ಲಗತ್ತಿಸಿ.

ಇಷ್ಟರಲ್ಲಿ ಬಿಲ್ಲು ಕಟ್ಟುವ ಕೊನೆಯ ದಿನ ಬಂತು. 2,360 ಹಿಡಿದಿಟ್ಟುಕೊಂಡು ಮಿಕ್ಕಿದ್ದು ಕಟ್ಟಲೇ ಅಂದೆ. ಕಟ್ಟಬಹುದು ಸರ್, ಆದರೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ಬೀಳುತ್ತೆ, ತಿಂಗಳಿಗೆ ಮೂರೂವರೆ ಪರ್ಸೆಂಟು, ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂದರೆ ಮೊದಲು ದಂಡ ಕಟ್ಟಬೇಕು, ಆಮೇಲೆ ತಪ್ಪು ಮಾಡಿದ್ದೀನೋ ಇಲ್ಲವೋ ವಿಚಾರಣೆ. ಕಟ್ಟಿದೆ.

ಕಾರ್ಡುದಾರ ಬಿಲ್ಲಿನ ಬಗ್ಗೆ ತಕರಾರು ಎತ್ತಿದರೆ 30 ದಿನದೊಳಗೆ ವಿವರಣೆ ಕೊಡಬೇಕು, ಬೇಕಾದರೆ ದಾಖಲೆಯನ್ನೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ನಿರ್ದೇಶನ ಹೊರಡಿಸಿದೆ. ನಮ್ಮ ಬ್ಯಾಂಕು ಕಾನೂನು ಮೀರುವಂಥದ್ದಲ್ಲ. ಸರಿಯಾಗಿ 29ನೇ ದಿನ ವಿವರಣೆ ಕಳಿಸಿತು: ‘ನಿಮ್ಮ ದೂರು ಪರಿಶೀಲನೆಯಲ್ಲಿದೆ.’

ಜೊತೆಗೆ 2,360 ರೂಪಾಯಿ ‘ತಾತ್ಕಾಲಿಕ ಜಮಾ’ ಆಗಿದೆ ಅಂತ ಮೆಸೇಜು. ನನ್ನ ಕಣ್ಣಿಗೆ ಜಮಾ ಬಿತ್ತೇ ಹೊರತು ತಾತ್ಕಾಲಿಕ ಬೀಳಲಿಲ್ಲ. ಆ ಭಾನುವಾರ ಮನೆಯಲ್ಲಿ ಕೇಸರಿಬಾತು. ಡಬ್ಲ್ಯು 240ನ್ನು ಧಾರಾಳವಾಗಿ ಹಾಕಿದ್ದೆವು.

ಎರಡು ವಾರಕ್ಕೆ ಜಮಾ ಹಿಂದಕ್ಕೆ ಹೋಯಿತು. ವ್ಯಾಪಾರಿಯು ಸೂಕ್ತ ದಾಖಲೆ ಒದಗಿಸಿರುವುದರಿಂದ ಪ್ರಕರಣ ಮುಕ್ತಾಯ. ಆ ಸೂಕ್ತ ದಾಖಲೆಗಳನ್ನು ಬೇಡಿ, ಕಾಡಿ, ಕೊನೆಗೆ ತರಿಸಿಕೊಂಡೆ. ಎರಡು ಹಾಳೆ. ಒಂದು, ನಾನು ಕೌಂಟರಿನಲ್ಲಿ ಸಹಿ ಹಾಕಿದ ರಿಜಿಸ್ಟ್ರೇಷನ್ ಕಾರ್ಡು. ಅದರ ತಳದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಆಮೇಲೆ ಗೊತ್ತಾಗುವ ಎಲ್ಲ ಖರ್ಚಿಗೂ ನಾನು ಬದ್ಧ ಅಂತ ಬರೆದಿದೆ. ಇನ್ನೊಂದು, ರೂಮು ಗುಡಿಸುವವರು ಪೆನ್ಸಿಲಿನಲ್ಲಿ ಗೀಚಿದ ಚೀಟಿಯ ಫೋಟೋ. ‘307. ಕಾಜು 2, ಚಾಕ್ 1, ಸೋಡಾ 2.’ ಮೂಲೆಯಲ್ಲಿ ತಾರೀಖು. ಹೆಂಡತಿ ಕನ್ನಡಕ ಏರಿಸಿ ನೋಡಿ ಹೇಳಿದಳು, "ರೀ, ಇದು ನಾವು ಖಾಲಿ ಮಾಡಿದ ಮಾರನೇ ದಿನದ್ದು!"

ಅಂದರೆ ನಮ್ಮ ನಂತರ ಬಂದ ಯಾವನೋ ಪುಣ್ಯಾತ್ಮ ಹಾಸಿಗೆಯ ಮೇಲೆ ಕಾಲು ಚಾಚಿ, ಸಮುದ್ರ ನೋಡುತ್ತ, ನನ್ನ ಲೆಕ್ಕದಲ್ಲಿ ಗೋಡಂಬಿ ಮೆದ್ದಿದ್ದಾನೆ.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ ನಮಗೆಲ್ಲ ಗೊತ್ತು. ಬ್ಯಾಂಕುಗಳು ಆ ಕತೆಯನ್ನು ಮುಂದುವರಿಸಿವೆ. ಮೇಕೆ ದೂರು ಕೊಟ್ಟಿತು. ವಿಚಾರಣಾಧಿಕಾರಿಗಳು ಕೋತಿಯನ್ನು ಕರೆದು, "ಏನಪ್ಪಾ, ಮೊಸರನ್ನ ತಿಂದವರು ಯಾರು?" ಅಂತ ಕೇಳಿದರು. ಕೋತಿ ಮೇಕೆಯ ಬಾಯಿಯ ಫೋಟೋ ಲಗತ್ತಿಸಿತು. ಪ್ರಕರಣ ಮುಕ್ತಾಯ.

ತಾರೀಖಿನ ವಿಷಯ ಬರೆದು ಕಳಿಸಿದೆ. ಜೊತೆಗೆ ಬುದ್ಧಿವಂತಿಕೆ ಮಾಡಲು ಹೋಗಿ, ಎರಡು ಕಿಲೋ ಗೇರುಬೀಜ ಕೊಂಡ ಅಂಗಡಿಯ ರಸೀದಿಯನ್ನೂ ಸೇರಿಸಿದೆ. ಇಷ್ಟು ಇಟ್ಟುಕೊಂಡವನು ಅಷ್ಟಕ್ಕೆ ಕೈಹಾಕುತ್ತಾನೆಯೇ ಅನ್ನುವುದು ನನ್ನ ವಾದ. ತಾರೀಖಿನ ಬಗ್ಗೆ ಒಂದಕ್ಷರ ಉತ್ತರವಿಲ್ಲ. ರಸೀದಿಯ ಬಗ್ಗೆ ಮಾತ್ರ ಕಸ್ಟಮರ್ ಕೇರಿನ ಹುಡುಗ ವಿನಯದಿಂದ ಹೇಳಿದ, "ಸರ್, ಇದರಿಂದ ನಿಮಗೆ ಗೋಡಂಬಿ ತುಂಬಾ ಇಷ್ಟ ಅಂತ ಪ್ರೂವ್ ಆಗುತ್ತೆ."

2019ರಲ್ಲಿ ಚಂಡೀಗಢದ ಪಂಚತಾರಾ ಹೋಟೆಲೊಂದು ನಟ ರಾಹುಲ್ ಬೋಸ್‌ಗೆ ಎರಡು ಬಾಳೆಹಣ್ಣಿಗೆ 442 ರೂಪಾಯಿ 50 ಪೈಸೆ ಬಿಲ್ ಹಾಕಿತ್ತು. ಅವರು ಒಂದು ವಿಡಿಯೋ ಹಾಕಿದರು, ದೇಶವೇ ನಕ್ಕಿತು, ತೆರಿಗೆಯಿಲ್ಲದ ಹಣ್ಣಿಗೆ ಜಿಎಸ್‌ಟಿ ಹಾಕಿದ್ದಕ್ಕೆ ತೆರಿಗೆ ಇಲಾಖೆ ಹೋಟೆಲಿಗೆ 25 ಸಾವಿರ ದಂಡ ಬಡಿಯಿತು. ಗಮನಿಸಿ, ಅವರ ಕೈಯಲ್ಲಿ ಹಣ್ಣಾದರೂ ಇತ್ತು. ತಿನ್ನದೇ ಇದ್ದದ್ದರ ವಿಡಿಯೋ ತೆಗೆಯುವುದು ಹೇಗೆ? ತೆಗೆದರೂ ನೋಡುವವರು ಆ ಷಡ್ಡಕರೇ.

ಈಗ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಾಗಿಲು ಬಡಿದಿದ್ದೇನೆ. ಅರ್ಜಿಗೆ ಶುಲ್ಕವಿಲ್ಲ, ಅದೊಂದು ಸಮಾಧಾನ. ಅವರು ಗ್ರಾಹಕನ ಸಮಯ, ಖರ್ಚು, ಕಿರುಕುಳ, ಮನೋವ್ಯಥೆಗೂ ಪರಿಹಾರ ಕೊಡಿಸಬಹುದು ಅಂತ ಓದಿ ಹೇಳಿದಾಗ ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು. ನಾಲ್ಕು ತಿಂಗಳು ಬೆಳಿಗ್ಗೆ ಸಂಜೆ ಈ ಗೋಡಂಬಿ ಪುರಾಣ ಕೇಳಿದವಳು ತಾನು, ವ್ಯಥೆ ತನ್ನದು, ಅರ್ಜಿಯಲ್ಲಿ ತನ್ನ ಹೆಸರಿರಬೇಕು ಅಂತ ಅವಳ ವಾದ. ಸದ್ಯಕ್ಕೆ ಆ ಡಿಸ್‌ಪ್ಯೂಟ್ ಮನೆಯೊಳಗೇ ನಡೆಯುತ್ತಿದೆ.

ಹೋದ ವಾರ ಹುಬ್ಬಳ್ಳಿಗೆ ಹೋದಾಗ ಮತ್ತೊಂದು ಹೋಟೆಲು, ಮತ್ತೊಂದು ಫ್ರಿಜ್ಜು. ರೂಮು ಬಿಡುವ ಮುಂಚೆ ಅವಳು ಫೋನು ಹಿಡಿದು ನಿಂತಳು. ನಾನು ಅವತ್ತಿನ ದಿನಪತ್ರಿಕೆಯ ತಾರೀಖು ಕಾಣುವಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಎತ್ತಿ ಕ್ಯಾಮೆರಾಗೆ ತೋರಿಸಿದೆ, ಒತ್ತೆಯಾಳು ಇನ್ನೂ ಬದುಕಿದ್ದಾನೆ ಅಂತ ಅಪಹರಣಕಾರರು ತೋರಿಸುವ ಹಾಗೆ. ಬಸ್ಸಿನಲ್ಲಿ ಕೂತು ಆ ವಿಡಿಯೋವನ್ನು ಎರಡು ಸಲ ನೋಡಿದಳು.

"ರೀ, ಇದನ್ನ ಯಾರಿಗೂ ಕಳಿಸ್ಬೇಡಿ. ಇದರಲ್ಲಿ ನಿಮ್ಮ ಕೈಲಿ ಗೋಡಂಬಿ ಇದೆ."