ಇಡೀ ಮನೆಗೆ ಮೈನಸ್ ಒಂದು

ನಮ್ಮ ಮಗಳು ಈ ಸಲ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಬರೆಯುತ್ತಾಳೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಬೇಕಂತೆ. ಬರೆಯುವವಳು ಅವಳೊಬ್ಬಳು. ತಯಾರಿ ಮಾತ್ರ ರಾಜಾಜಿನಗರದ ನಮ್ಮ ಇಡೀ ಮನೆಯದು.

2022ರಲ್ಲಿ ಶುರುವಾದ ಪರೀಕ್ಷೆ ಇದು. ಈಗ ಒಂದು ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ. ಸರಿಯಾದರೆ ಐದು ಅಂಕ, ತಪ್ಪಾದರೆ ಒಂದು ಕಟ್, ಬಿಟ್ಟರೆ ಸೊನ್ನೆ. ಇತಿಹಾಸ, ಅರ್ಥಶಾಸ್ತ್ರ ಎಲ್ಲ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಪತ್ರಿಕೆಯನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕು. ಇದು ಅನ್ಯಾಯ ಅಂತ ನಮ್ಮತ್ತೆಯ ವಾದ.

ಈ ಅಂಕದ ಲೆಕ್ಕ ಊಟದ ಮನೆಗೂ ಬಂತು. "ಸಾರು ಹೇಗಿದೆ?" ಅಂತ ಯಜಮಾನರನ್ನು ಕೇಳಿದೆ. ಅವರು ತಟ್ಟೆ ನೋಡುತ್ತಾ ಕೂತರು. "ಅಪ್ಪ ಸ್ಕಿಪ್ ಮಾಡಿದ್ರು, ಸೊನ್ನೆ," ಎಂದಳು ಮಗಳು. ಮದುವೆಯಾದಾಗಿನಿಂದ ಅವರದು ಇದೇ ತಂತ್ರ. ಈಗ ಸರ್ಕಾರಿ ಮಾನ್ಯತೆಯೂ ಸಿಕ್ಕಿತು!

ವ್ಯಾಕರಣದ ಕಾಟ ಬಿಲ್ಡಿಂಗಿಗೂ ಹರಡಿತು. ಲಿಫ್ಟ್ ಪಕ್ಕ 'ಟ್ಯಾಂಕರ್ ವಿಲ್ ಕೇಮ್ ಟುಮಾರೋ' ಎಂಬ ನೋಟಿಸ್ ಇತ್ತು. ಇವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಬಂದಳು. ಸೆಕ್ರೆಟರಿ ಜಗ್ಗಲಿಲ್ಲ. "ಬರೋದೇ ಅನುಮಾನ ಕಣಮ್ಮ, ಅದಕ್ಕೇ ಎರಡೂ ಕಾಲ ಹಾಕಿದ್ದೀನಿ," ಎಂದರು.

ಓದುವ ಅಭ್ಯಾಸ ಬೆಳಗ್ಗೆ, ಅದೂ ಗಟ್ಟಿಯಾಗಿ. ಒಂದು ದಿನ ಹವಳದ ದಿಬ್ಬಗಳ ಪ್ಯಾಸೇಜ್. ಸಮುದ್ರ ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಇಷ್ಟು ಹೊತ್ತಿಗೆ ಕಸದ ಗಾಡಿ ಬಂತು, ಅದರ ಹಾಡೂ ಬಂತು, ಕುಕ್ಕರ್ ಕೂಗಿತು. ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆಗೆ ಕನ್ನಡದಲ್ಲಿ ಹೇಳಿ, "ಅಜ್ಜಿ, ಲೇಖಕರ ಧಾಟಿ ಯಾವುದು? ವ್ಯಂಗ್ಯ, ಉದಾಸೀನ, ಆತಂಕ, ಮೆಚ್ಚುಗೆ?" ಅಂತ ಕೇಳಿದಳು.

"ಪಾಪ, ಅವನ ಮಾತು ಮನೇಲಿ ಯಾರೂ ಕೇಳಲ್ಲ ಅನ್ಸುತ್ತೆ," ಎಂದರು ಅತ್ತೆ.

ಆ ಆಯ್ಕೆ ಪುಸ್ತಕದಲ್ಲಿ ಇರಲಿಲ್ಲ. ಇರಬೇಕಿತ್ತು ಅಂತ ನನಗಂತೂ ಅನಿಸಿತು.

ಇನ್ನು ಹಿಂದೆಮುಂದೆ ಮಾಡಿದ ವಾಕ್ಯಗಳನ್ನು ಜೋಡಿಸುವ ಪ್ರಶ್ನೆ. ಅದಕ್ಕೆ ಗೈಡ್ ಯಾಕೆ, ಕೆಳಗಿನ ಮನೆ ಆಂಟಿ ಇದ್ದಾರಲ್ಲ? ಯಾವ ಸುದ್ದಿಯನ್ನೂ ಅವರು ಮೊದಲಿಂದ ಹೇಳಿದವರೇ ಅಲ್ಲ. ಸಂಜೆ ಗೇಟಿನ ಹತ್ತಿರ ಸಿಕ್ಕರು.

"ಕೊನೆಗೆ ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದ್ರು ಕಣ್ರೀ. ಹೆಂಡತಿ ಬೇಡ ಬೇಡ ಅಂದ್ಲಂತೆ. ರಾತ್ರಿಯೆಲ್ಲಾ ವಾಂತಿ. ಮೇಲಿಂದ ಮೇಲೆ ಹೋಳಿಗೆ ಬಡಿಸಿದ್ದಾರೆ."

ಮಗಳು ನಾಲ್ಕಕ್ಕೂ ಪಿ, ಕ್ಯೂ, ಆರ್, ಎಸ್ ಅಂತ ಹೆಸರಿಟ್ಟಳು. "ಕ್ಯೂ, ಎಸ್, ಆರ್, ಪಿ. ಅಂಕಲ್‌ಗೆ ಶುಗರ್ ಜಾಸ್ತಿ ಆಗಿರಬೇಕು ಅಲ್ವಾ ಆಂಟಿ?"

"ಅಂಕಲ್ ಯಾಕೆ, ಅವರ ನಾಯಿ ಕಣೆ! ಹೆಬ್ಬಾಳದಲ್ಲಿ ಪಶು ಆಸ್ಪತ್ರೆ ಅಲ್ವಾ ಇರೋದು?"

ಮಗಳು ತನಗೆ ತಾನೇ ಒಂದು ಅಂಕ ಕಳೆದುಕೊಂಡಳು. ಮಧುಮೇಹಕ್ಕೆ ಮೆಂತ್ಯದ ನೀರು ಸೂಚಿಸಲು ಹೊರಟಿದ್ದ ಅತ್ತೆಗೂ ಒಂದು ಕಟ್. ಯಜಮಾನರು ಬಾಯಿ ಬಿಡದೆ ಸ್ಕೂಟರ್ ಒರೆಸುತ್ತಿದ್ದರು. ಸೊನ್ನೆ ತೆಗೆದುಕೊಂಡು ಅವರೇ ಫಸ್ಟ್ ಬಂದರು.