ಒಂದೇ ಬ್ರಷ್, ಇಡೀ ಲಾಯಕ್ಕೆ

ಇಂದು ಬೆಳಿಗ್ಗೆ ಲಾಯದಲ್ಲಿ ಕಂಡದ್ದರ ಕೋಪ ಇನ್ನೂ ಇಳಿದಿಲ್ಲ. ಒಂದು ಕುದುರೆಯ ಭುಜದ ಮೇಲೆ ನಾಣ್ಯದಗಲ ಕೂದಲು ಉದುರಿ, ಬೂದುಬಣ್ಣದ ಹುರುಪು ಎದ್ದಿತ್ತು. ಅದರ ಮೈ ಉಜ್ಜಿದ ಬ್ರಷ್ಷನ್ನು ಲಾಯದ ಕೆಲಸದವರು ಗೋಡೆಗೆ ಬಡಿದು, ಅದರಲ್ಲೇ ಪಕ್ಕದ ಕುದುರೆಯನ್ನು ಉಜ್ಜಿದರು. ಆಮೇಲೆ ಅದರಾಚೆಯದನ್ನು. "ಇದು ಹುಳುಕಡ್ಡಿಯಂತೆ ಕಾಣುತ್ತಿದೆ, ಬ್ರಷ್ ಬೇರೆ ಮಾಡಿ" ಎಂದೆ. "ಅದು ತಾನಾಗಿಯೇ ಹೋಗುತ್ತದೆ, ಬಿಡಿ ಮೇಡಂ" ಎಂದರು. ನನ್ನನ್ನು ಬಲ್ಲವರಿಗೆ ಗೊತ್ತು, ಕುದುರೆಗಳ ವಿಷಯದಲ್ಲಿ ಬಿಡಿ ಎಂದರೆ ಬಿಡುವವಳು ನಾನಲ್ಲ.

ಇದು ಶಿಲೀಂಧ್ರದ ಸೋಂಕು. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೋಫೈಟಾನ್ ಈಕ್ವಿನಮ್ ಎಂಬ ಶಿಲೀಂಧ್ರ. ಕೂದಲು ಮತ್ತು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅದರ ಆಹಾರ. ಸೋಂಕು ತಗುಲಿದ ಕೂದಲು ಮುರಿದು ಬಿದ್ದಲ್ಲೆಲ್ಲ ಬೀಜಕಗಳೂ, ಅಂದರೆ ಶಿಲೀಂಧ್ರವನ್ನು ಹರಡುವ ಸೂಕ್ಷ್ಮ ಕಣಗಳೂ, ಬೀಳುತ್ತವೆ. ಮರದ ಅಡ್ಡಗೋಡೆಯಲ್ಲಿ, ಜೀನಿನ ಕೆಳಗೆ ಹಾಸುವ ಬಟ್ಟೆಯಲ್ಲಿ, ಜೀನನ್ನು ಬಿಗಿಯುವ ಹೊಟ್ಟೆಪಟ್ಟಿಯಲ್ಲಿ, ಬ್ರಷ್ಷಿನ ಎಳೆಗಳ ಬುಡದಲ್ಲಿ ಅವು ತಿಂಗಳುಗಟ್ಟಲೆ ಜೀವ ಹಿಡಿದು ಕೂರುತ್ತವೆ. ಗೋಡೆಗೆ ಬಡಿದರೆ ಧೂಳು ಹಾರುತ್ತದೆ, ಬೀಜಕ ಹೋಗುವುದಿಲ್ಲ. ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲಿ ಈ ಸೋಂಕು ಅಷ್ಟೊಂದು ಸಾಮಾನ್ಯವಾಗಿರುವುದೇಕೆ? ಅಲ್ಲಿ ಬೆವರಿದೆ, ತಿಕ್ಕಾಟವಿದೆ, ತರಚಿದ ಚರ್ಮವಿದೆ, ಜೊತೆಗೆ ಬೇರೆ ಕುದುರೆಗೆ ಕಟ್ಟಿ ಬಿಚ್ಚಿದ ಪಟ್ಟಿಯೂ ಇದೆ. ಒಂದೊಂದು ಕುದುರೆಯನ್ನು ಒಂದೊಂದು ಕೊಠಡಿಯಲ್ಲಿ ಕಟ್ಟಿ, ಅವುಗಳ ನಡುವೆ ರೋಗವನ್ನು ಹೊತ್ತು ತಿರುಗುವವರು ನಾವೇ.

ತಾನಾಗಿಯೇ ಹೋಗುತ್ತದೆ ಎಂಬ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಗಟ್ಟಿಮುಟ್ಟಾದ ಕುದುರೆ ಒಂದರಿಂದ ಮೂರು ತಿಂಗಳಲ್ಲಿ ಬಹುಮಟ್ಟಿಗೆ ತಾನೇ ಚೇತರಿಸಿಕೊಳ್ಳುತ್ತದೆ. ಆದರೆ ಅಷ್ಟೂ ದಿನ ಅದು ಬೀಜಕ ಉದುರಿಸುತ್ತಲೇ ಇರುತ್ತದಲ್ಲ! ಅದು ವಾಸಿಯಾಗುವ ಹೊತ್ತಿಗೆ ಮರಿಗಳಿಗೆ, ಮುದಿ ಕುದುರೆಗಳಿಗೆ, ಬೇರೆ ಕಾಯಿಲೆಯಿಂದ ಸೊರಗಿದವುಗಳಿಗೆ ಹಬ್ಬಿರುತ್ತದೆ. ಮನುಷ್ಯರಿಗೂ ಅಂಟುತ್ತದೆ. ಆ ಕುದುರೆಯ ಕುತ್ತಿಗೆ ತಬ್ಬಿಕೊಳ್ಳುವ ಮಕ್ಕಳ ಕೈ, ಕೆನ್ನೆಗಳ ಗತಿಯೇನು? ಒಂದು ಕುದುರೆ ವಾಸಿಯಾಗುವುದೇ ಬೇರೆ, ಲಾಯ ಶುದ್ಧವಾಗುವುದೇ ಬೇರೆ.

ಇನ್ನೊಂದು ವಾದವೂ ಇದೆ: ಕಲೆ ಕಂಡ ಮೇಲೆ ಬೇರೆ ಕಟ್ಟಿದರಾಯಿತು ಎಂದು. ಆಗುವುದಿಲ್ಲ. ಸೋಂಕು ತಗುಲಿ ಕಲೆ ಕಾಣಿಸಲು ಸಾಮಾನ್ಯವಾಗಿ 1ರಿಂದ 4 ವಾರ ಬೇಕು. ಆ ದಿನಗಳಲ್ಲೂ ಅದೇ ಬ್ರಷ್ ಸುತ್ತು ಹೊಡೆಯುತ್ತಿರುತ್ತದೆ. ಆದ್ದರಿಂದಲೇ ರೋಗ ಇರಲಿ, ಇಲ್ಲದಿರಲಿ, ಪ್ರತಿ ಕುದುರೆಗೂ ತನ್ನದೇ ಬ್ರಷ್, ತನ್ನದೇ ಬಟ್ಟೆ, ತನ್ನದೇ ಹೊಟ್ಟೆಪಟ್ಟಿ ಬೇಕು, ಅವುಗಳ ಮೇಲೆ ಅದರ ಹೆಸರೂ ಬೇಕು. ಇದಕ್ಕೆ ಖರ್ಚಿದೆ ಎನ್ನುವವರು ಇಡೀ ಲಾಯಕ್ಕೆ ಔಷಧಿ ಹಚ್ಚುವ ಖರ್ಚನ್ನು ಒಮ್ಮೆ ಲೆಕ್ಕ ಹಾಕಲಿ. ಸರದಿ ಬದಲಿಸುವುದಕ್ಕಂತೂ ಕಾಸೂ ಬೇಡ: ಆರೋಗ್ಯವಾಗಿರುವವುಗಳ ಕೆಲಸ ಮೊದಲು, ಸೋಂಕಿನದ್ದು ಕೊನೆಗೆ. ಅದನ್ನು ಮುಟ್ಟುವಾಗ ಕೈಗವಸು, ಮುಟ್ಟಿದ ಮೇಲೆ ಕೈ ತೊಳೆದು ಬಟ್ಟೆ ಬದಲಿಸುವುದು.

ಬ್ರಷ್ಷನ್ನು ಬ್ಲೀಚ್ ನೀರಿನಲ್ಲಿ ಅದ್ದಿದೆವಲ್ಲ ಎನ್ನುತ್ತಾರೆ. ಕೂದಲು, ಜಿಡ್ಡು, ಹೊಟ್ಟು ಅಂಟಿಕೊಂಡಿರುವಾಗ ಬ್ಲೀಚ್ ತನ್ನ ಬಲ ಕಳೆದುಕೊಳ್ಳುತ್ತದೆ. ಮೊದಲು ಕೂದಲೆಲ್ಲ ತೆಗೆದು ಸೋಪಿನಲ್ಲಿ ಚೆನ್ನಾಗಿ ತೊಳೆಯಬೇಕು. ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷವಾದರೂ ನೆನೆಸಬೇಕು. ಚರ್ಮದ ಜೀನಿಗೆ ಬ್ಲೀಚ್ ತಾಕಿದರೆ ಅದು ಹಾಳಾಗುತ್ತದೆ; ಅದಕ್ಕೆ ಹೊಂದುವ ಶಿಲೀಂಧ್ರನಾಶಕ ಯಾವುದೆಂದು ಪಶುವೈದ್ಯರನ್ನೇ ಕೇಳಿ.

ಕುದುರೆಯ ಮೈಮೇಲೆ ಸ್ವಂತ ವೈದ್ಯ ಮಾಡುವವರನ್ನು ಕಂಡರೂ ನನಗೆ ಸಹನೆ ಉಳಿಯುವುದಿಲ್ಲ. ಹಕ್ಕಳೆಯನ್ನು ಒರಟಾಗಿ ಕೆರೆದು ಕಿತ್ತರೆ ಚರ್ಮ ತರಚಿ ಸೋಂಕಿಗೆ ಹೊಸ ದಾರಿ ತೆರೆಯುತ್ತದೆ. ಕೂದಲು ಕತ್ತರಿಸುವ ಯಂತ್ರ ಓಡಿಸಿದರೆ ಬೀಜಕಗಳು ಲಾಯದ ತುಂಬ ಹರಡುತ್ತವೆ. ಕಲೆಯ ಮೇಲಷ್ಟೇ ಮುಲಾಮು ಸವರುವುದೂ ಸಾಲದು, ಸುತ್ತಲಿನ ಚೆನ್ನಾಗಿ ಕಾಣುವ ಕೂದಲಲ್ಲೂ ಬೀಜಕಗಳಿರುತ್ತವೆ. ಮಳೆಯಲ್ಲಿ ನೆನೆದ ಕುದುರೆಗಳಿಗೆ ಬರುವ ಬ್ಯಾಕ್ಟೀರಿಯಾದ ಸೋಂಕೊಂದು ನೋಡಲು ಹೀಗೆಯೇ ಇದ್ದರೂ ಅದರ ಚಿಕಿತ್ಸೆ ಬೇರೆ. ಕಲೆಯ ಅಂಚಿನ ಕೂದಲು ಕಿತ್ತು ಪರೀಕ್ಷೆಗೆ ಕಳಿಸಬೇಕು. ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆಗೆ ವಾರಗಳೇ ಹಿಡಿಯುತ್ತವೆ. ವರದಿ ಬರಲಿ ಎಂದು ಕಾಯುತ್ತ ಬ್ರಷ್ ಹಂಚಿಕೊಂಡಿರಬೇಡಿ, ಅನುಮಾನ ಬಂದ ಗಳಿಗೆಯಲ್ಲೇ ಆ ಕುದುರೆಯನ್ನೂ ಅದರ ಸಾಮಾನನ್ನೂ ಬೇರೆ ಮಾಡಿ.

ಒಂದು ಮಾತು ಹೇಳಿಬಿಡುತ್ತೇನೆ. ಇಂದು ಅಲ್ಲಿ ನನ್ನ ದನಿ ನಡುಗಿತು, ಕಣ್ಣು ತುಂಬಿತು. ಮೈ ಉಜ್ಜುವಾಗ ಕುದುರೆ ಕಣ್ಣು ಅರೆಮುಚ್ಚಿ, ಕೆಳದುಟಿ ಸಡಿಲಬಿಟ್ಟು, ತನ್ನನ್ನೇ ನಮ್ಮ ಕೈಗೆ ಒಪ್ಪಿಸಿ ನಿಲ್ಲುತ್ತದೆ. ಆ ನಂಬಿಕೆಯ ಹೊತ್ತಿನಲ್ಲೇ ಅದಕ್ಕೆ ರೋಗ ದಾಟಿಸುವುದನ್ನು ಸುಮ್ಮನೆ ನಿಂತು ನೋಡಲು ನನ್ನಿಂದಾಗದು.

ಲಾಯ ನಡೆಸುವ ಗೆಳೆಯರೇ, ಹೊಸ ಕುದುರೆ ಬಂದರೆ ಮೂರು ನಾಲ್ಕು ವಾರ ಪ್ರತ್ಯೇಕವಾಗಿಟ್ಟು ದಿನವೂ ಮೈ ತಡವಿ ನೋಡಿ. ಸೋಂಕು ಬಂದರೆ ಮುಚ್ಚಿಡದೆ ಅಕ್ಕಪಕ್ಕದ ಲಾಯಗಳಿಗೂ ಸವಾರರಿಗೂ ಅಂದೇ ತಿಳಿಸಿ. ಪಶುವೈದ್ಯರು ಸರಿ ಎನ್ನುವವರೆಗೆ ಆ ಕುದುರೆಯನ್ನು ಸ್ಪರ್ಧೆಗೂ ಸವಾರಿಗೂ ಹೊರಗೆ ಕಳಿಸಬೇಡಿ.